ಅಕ್ಷರವಿಲ್ಲದ ಆಪ್: ಬೆಂಗಳೂರಿನ ಒಂದು ಹಳೇ ಪ್ರಯೋಗ

ಕ್ಯಾಲ್ಕುಲೇಟರಿನಲ್ಲಿ 7-8-9 ಮೇಲಿನ ಸಾಲಿನಲ್ಲಿರುತ್ತದೆ, ಫೋನಿನಲ್ಲಿ 1-2-3. ಯಾಕೆ ಹೀಗೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಯಾರೋ ಮೇಜಿನ ಮುಂದೆ ಕೂತು ಗೀಚಿದ ವಿನ್ಯಾಸ ಅಲ್ಲ ಅದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಕಾರ್ಲಿನ್ ಎಂಬ ಮನಶ್ಶಾಸ್ತ್ರಜ್ಞನ ತಂಡ ಗುಂಡಿಗಳನ್ನು ನಾನಾ ರೀತಿ ಜೋಡಿಸಿ, ಜನರ ಕೈಗೆ ಕೊಟ್ಟು, ಎಷ್ಟು ಬೇಗ ಒತ್ತುತ್ತಾರೆ, ಎಲ್ಲಿ ತಪ್ಪುತ್ತಾರೆ ಅಂತ ಅಳೆದು ನೋಡಿತು. 1960ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು, 1963ರಲ್ಲಿ ಒತ್ತುಗುಂಡಿಯ ಫೋನು ಜನರಿಗೆ ಸಿಕ್ಕಿತು. ಇವತ್ತು ನಿಮ್ಮ ಸ್ಮಾರ್ಟ್‌ಫೋನಿನಲ್ಲಿ ಡಯಲ್ ಮಾಡುವ ಆಪ್ ತೆರೆದರೆ ಅದೇ ಜೋಡಣೆ ಕಣ್ಣಿಗೆ ಬೀಳುತ್ತದೆ.

‘ಬಳಸುವವರನ್ನು ಕೇಳಿ, ನೋಡಿ, ಆಮೇಲೆ ವಿನ್ಯಾಸ ಮಾಡಿ’ ಅನ್ನೋ ಮಾತು ಹೊಸದಲ್ಲ ಅಂತ ಹೇಳೋಕೆ ಇಷ್ಟು ಪೀಠಿಕೆ. ನನಗೆ ನಿಜಕ್ಕೂ ಹೇಳಬೇಕಿರೋದು ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಕಥೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ ಅನ್ನೋದೇ ಬೇಜಾರು.

ಮೈಕ್ರೋಸಾಫ್ಟ್ ಕಂಪನಿ 2005ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿ ಕೆಂಟಾರೋ ತೊಯಾಮ ಅವರ ಗುಂಪು ಬಡವರಿಗೆ, ಹಳ್ಳಿಯವರಿಗೆ ಕಂಪ್ಯೂಟರಿನಿಂದ ಏನಾದರೂ ಉಪಯೋಗ ಉಂಟಾ ಅಂತ ಹುಡುಕಲು ಹೊರಟಿತು. ಆ ಗುಂಪಿನಲ್ಲಿದ್ದವರು ಇಂದ್ರಾಣಿ ಮೇಧಿ ಎಂಬ ವಿನ್ಯಾಸಕಿ. ಓದಲು ಬಾರದವರು ಯಾರ ಸಹಾಯವೂ ಇಲ್ಲದೆ ಬಳಸಬಹುದಾದ ಪರದೆ ಹೇಗಿರಬೇಕು ಅನ್ನೋದು ಅವರ ಪ್ರಶ್ನೆ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿದ್ದ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ, ಮನೆಗೆಲಸ ಮಾಡುವ ಹೆಂಗಸರ ನಡುವೆ ದಿನಗಟ್ಟಲೆ ಕೂತರು. ಅವರಿಗೆ ಕೆಲಸ ಹುಡುಕಿಕೊಡುವ ಒಂದು ತಂತ್ರಾಂಶ ಮಾಡಬೇಕಿತ್ತು: ಯಾವ ಏರಿಯಾ, ಏನು ಕೆಲಸ, ಎಷ್ಟು ಸಂಬಳ. ಎಲ್ಲಾ ಚಿತ್ರದಲ್ಲಿ, ಧ್ವನಿಯಲ್ಲಿ. ಅಕ್ಷರ ಬೇಡವೇ ಬೇಡ. ಅಂಕಿಗಳನ್ನು ಮಾತ್ರ ಉಳಿಸಿಕೊಂಡರು, ಯಾಕಂದ್ರೆ ಓದಲು ಬಾರದಿದ್ದರೂ ಅಂಕಿ ಗುರುತಿಸುವವರು ಬಹಳ ಮಂದಿ. ಬಸ್ಸಿನ ನಂಬರು, ನೋಟಿನ ಬೆಲೆ ನೋಡಿ ನೋಡಿ ಬದುಕೇ ಅಷ್ಟನ್ನು ಕಲಿಸಿಬಿಟ್ಟಿರುತ್ತದೆ ಅಲ್ವಾ?

ಚಿತ್ರ ಹಾಕಿದರೆ ಮುಗೀತು ಅಂತ ನಾವಾದರೆ ಅಂದುಕೊಳ್ಳುತ್ತಿದ್ದೆವು. ಆದರೆ ಪರೀಕ್ಷೆಗೆ ಕೂತಾಗ ಚಿತ್ರವೂ ಒಂದು ಭಾಷೆಯೇ ಅಂತ ಗೊತ್ತಾಯಿತು. ಬರೀ ಪಾತ್ರೆಗಳ ಚಿತ್ರ ತೋರಿಸಿದರೆ ಕಾಣೋದು ಪಾತ್ರೆ, ಮುಸುರೆ ತಿಕ್ಕುವ ಕೆಲಸ ಅಲ್ಲ. ನಲ್ಲಿಯಿಂದ ನೀರು ಸುರಿಯುವಂತೆ, ಪಾತ್ರೆಯಿಂದ ಹಬೆ ಏಳುವಂತೆ ಬರೆದಾಗ ‘ಓ, ಇದು ಕೆಲಸ’ ಅಂತ ಅರ್ಥವಾಯಿತು. ಇನ್ನೊಂದು ತಮಾಷೆ ಅಂದರೆ ಫೋಟೋಗಿಂತ, ವಿವರ ಕಡಿಮೆ ಇರುವ ಸರಳ ರೇಖಾಚಿತ್ರವೇ ಚೆನ್ನಾಗಿ ಕೆಲಸ ಮಾಡಿತು. ಫೋಟೋ ಒಂದು ನಿರ್ದಿಷ್ಟ ಅಡುಗೆಮನೆಯನ್ನು ತೋರಿಸುತ್ತದೆ, ರೇಖಾಚಿತ್ರ ಯಾವ ಅಡುಗೆಮನೆಯಾದರೂ ಆಗಬಹುದು. ಈ ಅನುಭವಗಳನ್ನೆಲ್ಲ 2006ರಲ್ಲಿ ಅಮನ್ ಸಾಗರ್ ಮತ್ತು ತೊಯಾಮ ಜೊತೆ ಸೇರಿ ಮೇಧಿ ಪ್ರಬಂಧವಾಗಿ ಪ್ರಕಟಿಸಿದರು.

ಇಲ್ಲಿಗೇ ನಿಂತಿದ್ದರೆ ಇದು ಐಕಾನ್‌ಗಳ ಕಥೆ ಆಗಿರುತ್ತಿತ್ತು, ಅಷ್ಟೇ. ಚಿತ್ರ ಅರ್ಥವಾದ ಮೇಲೂ ಹೆಂಗಸರು ತಡವರಿಸುತ್ತಿದ್ದರು. ಮುಟ್ಟಿದರೆ ಕೆಟ್ಟುಹೋದೀತು ಅನ್ನೋ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು, ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಹೇಗೆ ಬಂತು, ಯಾರು ಹಾಕಿದರು, ಇದನ್ನು ಒತ್ತಿದರೆ ನನಗೆ ಯಾಕೆ ಕೆಲಸ ಸಿಗುತ್ತೆ ಅನ್ನೋ ಪ್ರಶ್ನೆ. ಎಷ್ಟು ನ್ಯಾಯವಾದ ಪ್ರಶ್ನೆ ನೋಡಿ! ಅದಕ್ಕೆ ಉತ್ತರವಾಗಿ ಒಂದು ಪುಟ್ಟ ಕಥಾ ವಿಡಿಯೋ ಸೇರಿಸಿದರು. ‘ಈ ಗುಂಡಿ ಒತ್ತಿ, ಆ ಗುಂಡಿ ಒತ್ತಿ’ ಅನ್ನೋ ಪಾಠ ಮಾತ್ರ ಅಲ್ಲ ಅದು. ಮಾಹಿತಿ ಎಲ್ಲಿಂದ ಬರುತ್ತದೆ, ಕೆಲಸ ಬೇಕಾದವಳಿಗೆ ಅದು ಹೇಗೆ ತಲುಪುತ್ತದೆ ಅನ್ನೋ ಪೂರ್ತಿ ಕಥೆ. ಅದನ್ನು ನೋಡಿದವರು ಕೆಲಸವನ್ನು ಕೊನೆಮುಟ್ಟಿಸುವುದು ಗಮನಾರ್ಹವಾಗಿ ಹೆಚ್ಚಿತು ಅಂತ 2007ರಲ್ಲಿ ವರದಿ ಮಾಡಿದರು.

ಆ ಹೊತ್ತಿಗೆ ಕಂಪ್ಯೂಟರಿಗಿಂತ ಮೊಬೈಲೇ ಜನರ ಕೈ ಸೇರಿತ್ತು. ಮೇಧಿ ಮತ್ತು ಸಂಗಡಿಗರು ಮೊಬೈಲಿನಲ್ಲಿ ಹಣ ಕಳಿಸುವ ವ್ಯವಸ್ಥೆಗೆ ಮೂರು ಮುಖಗಳನ್ನು ಮಾಡಿ ಹೋಲಿಸಿದರು: ಬರೀ ಅಕ್ಷರ, ಚಿತ್ರ ಮತ್ತು ಧ್ವನಿ, ಬರೀ ಮಾತು. 2009ರ ಫಲಿತಾಂಶ ಸ್ವಾರಸ್ಯವಾಗಿದೆ. ಅಕ್ಷರದ್ದನ್ನು ಬಿಟ್ಟು ಉಳಿದೆರಡನ್ನು ಜನ ಇಷ್ಟಪಟ್ಟರು. ಹೆಚ್ಚು ಜನ ಕೆಲಸ ಮುಗಿಸಿದ್ದು ಚಿತ್ರ-ಧ್ವನಿ ಇದ್ದದ್ದರಲ್ಲಿ. ಆದರೆ ಬೇಗ ಮುಗಿದದ್ದು, ಪಕ್ಕದವರ ಸಹಾಯ ಕಡಿಮೆ ಬೇಕಾದದ್ದು ಬರೀ ಮಾತಿನದ್ದರಲ್ಲಿ. ಅಂದರೆ ‘ಇದೇ ಸರಿ’ ಅನ್ನೋ ಒಂದೇ ಉತ್ತರ ಇಲ್ಲ. ಭಾರತ, ಕೀನ್ಯಾ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಾಗಳಲ್ಲಿ ನಡೆಸಿದ ಅಧ್ಯಯನದಲ್ಲಿ ತೊಡಕುಗಳ ಪಟ್ಟಿಯೇ ಸಿಕ್ಕಿತು: ಮೆನುವಿನೊಳಗೆ ಮೆನು, ಸ್ಕ್ರೋಲ್ ಮಾಡಿದರೆ ಕೆಳಗೆ ಇನ್ನೂ ಇದೆ ಅಂತ ಗೊತ್ತಾಗದಿರುವುದು, ಪರದೆ ಬದಲಾದಂತೆ ಕೆಲಸ ಬದಲಿಸುವ ಗುಂಡಿಗಳು. 2013ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಕ್ಷರವೇ ಇಲ್ಲದ ಚಿತ್ರಗಳನ್ನು ಕೂಡ ಪದರ ಪದರವಾಗಿ ಅಡಗಿಸಿಟ್ಟರೆ ಕಡಿಮೆ ಓದಿದವರಿಗೆ ಕಷ್ಟ, ಒಂದೇ ಪಟ್ಟಿಯಲ್ಲಿ ಹರಡಿದರೆ ಸುಲಭ ಅಂತ ತೋರಿಸಿದರು. ನಾವು ಇಂಜಿನಿಯರುಗಳು ಫೋಲ್ಡರಿನೊಳಗೆ ಫೋಲ್ಡರು ಇಟ್ಟು ‘ನೀಟಾಗಿದೆ’ ಅಂದುಕೊಳ್ಳೋದು ಓದಿನಿಂದ ಬಂದ ಅಭ್ಯಾಸವೇ ಹೊರತು ಲೋಕಸಹಜ ಅಲ್ಲ!

ತೊಯಾಮ ಮುಂದೆ 2015ರಲ್ಲಿ ‘ಗೀಕ್ ಹೆರೆಸಿ’ ಅನ್ನೋ ಪುಸ್ತಕ ಬರೆದರು. ತಂತ್ರಜ್ಞಾನ ತಾನಾಗಿ ಬಡತನ ಕಳೆಯುವುದಿಲ್ಲ, ಜನರಲ್ಲಿ ಈಗಾಗಲೇ ಇರುವ ಶಕ್ತಿಯನ್ನು, ಇಚ್ಛೆಯನ್ನು ಹೆಚ್ಚಿಸುತ್ತದೆ ಅಷ್ಟೇ ಅನ್ನೋದು ಅವರ ವಾದ. ಪರದೆ ಎಷ್ಟೇ ಚೆನ್ನಾಗಿ ತಿದ್ದಿದರೂ, ಆ ಹೆಂಗಸಿಗೆ ಸರಿಯಾದ ಸಂಬಳ ಕೊಡುವ ಮನೆಯೊಡತಿಯನ್ನು ಆಪ್ ಹುಟ್ಟಿಸಲಾರದು. ಈ ಮಾತನ್ನು ನಾನೂ ಒಪ್ಪುತ್ತೇನೆ. ಹಾಗಂತ ಪರದೆ ತಿದ್ದೋದು ದಂಡ ಅಲ್ಲ. 2019ರಲ್ಲಿ ಪೇಟಿಎಂ ತಂದ ಸೌಂಡ್‌ಬಾಕ್ಸ್ ನೋಡಿ, ದುಡ್ಡು ಬಂತು ಅಂತ ಅಂಗಡಿಯವರಿಗೆ ಗಟ್ಟಿಯಾಗಿ ಹೇಳುತ್ತದೆ. 2022ರಲ್ಲಿ ಸಾದಾ ಫೋನಿನವರಿಗೆ ಬಂದ ಯುಪಿಐ 123ಪೇಯಲ್ಲಿ ಕರೆ ಮಾಡಿ, ಹೇಳಿದ್ದನ್ನು ಕೇಳುತ್ತಾ ಹಣ ಕಳಿಸಬಹುದು. ಅವು ಈ ಪ್ರಬಂಧಗಳಿಂದಲೇ ಹುಟ್ಟಿದವು ಅಂತ ನಾನು ಹೇಳುತ್ತಿಲ್ಲ. ಆದರೆ ಕಿವಿಗೆ ಹೇಳಿದರೆ ಜನ ನಂಬುತ್ತಾರೆ ಅನ್ನೋದನ್ನು ಆ ಹೆಂಗಸರು ಯಾವಾಗಲೋ ತೋರಿಸಿಕೊಟ್ಟಿದ್ದರು.

ನಾವು ಬ್ಲಾಗಿಗರು ‘ಕನ್ನಡದಲ್ಲಿ ಕೊಡಿ, ಕನ್ನಡದಲ್ಲಿ ಕೊಡಿ’ ಅಂತ ಎಲ್ಲಾ ಕಡೆ ಕೇಳುತ್ತೇವೆ. ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಕನ್ಫರ್ಮ್’ ತೆಗೆದು ‘ದೃಢೀಕರಿಸಿ’ ಅಂತ ಹಾಕಿದ ತಕ್ಷಣ ಆಪ್ ಕನ್ನಡಿಗರದ್ದಾಗುತ್ತದೆಯೇ? ಕನ್ನಡ ಮಾತಾಡುವ, ಕನ್ನಡ ಓದಲು ಬಾರದ ಅಕ್ಕಂದಿರು ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ! ಅವರ ಪಕ್ಕ ಕೂತು, ಸುಮ್ಮನೆ ಅವರ ಬೆರಳು ಎಲ್ಲಿ ನಿಲ್ಲುತ್ತದೆ ಅಂತ ನೋಡುವಷ್ಟು ತಾಳ್ಮೆ ಆಪ್ ಮಾಡುವ ನಮಗಿರಬೇಕು.

ನಿಮ್ಮ ಮನೆಯಲ್ಲಿ ಓದು ಬಾರದ ಹಿರಿಯರು ಫೋನನ್ನು ಹೇಗೆ ಬಳಸುತ್ತಾರೆ? ಯಾವುದನ್ನು ಚಿತ್ರ ನೋಡಿ, ಯಾವುದನ್ನು ಜಾಗ ನೋಡಿ ಗುರುತು ಹಿಡಿಯುತ್ತಾರೆ? ಗಮನಿಸಿದ್ದರೆ ದಯವಿಟ್ಟು ಬರೆದು ತಿಳಿಸಿ.