ಬೆಕ್ಕಿಗೆ ಬಂದ ಕುಲಗೋತ್ರ

ಅಡಿಗೆಮನೆಯಲ್ಲಿ ಹಾಲಿನ ಪಾತ್ರೆಗೆ ಹೊಂಚುಹಾಕುವ ಬೆಕ್ಕಿಗೂ ವಂಶಾವಳಿಯೇ, ಪದಕವೇ ಎಂದು ನಮ್ಮಲ್ಲಿ ಅನೇಕರು ನಕ್ಕಾರು. ಒಂದು ಕಾಲದಲ್ಲಿ ಇಂಗ್ಲೆಂಡಿನವರೂ ಹೀಗೆಯೇ ನಕ್ಕವರು. ಅಲ್ಲಿ ನಾಯಿಗಳ ಪ್ರದರ್ಶನ 1859ರಲ್ಲಿಯೇ ನ್ಯೂಕ್ಯಾಸಲ್ ನಗರದಲ್ಲಿ ನಡೆದಿತ್ತು. ಬೆಕ್ಕನ್ನು ಮಾತ್ರ ಕೇಳುವವರಿರಲಿಲ್ಲ. ಇಲಿ ಹಿಡಿದರಾಯಿತು, ಅದರ ಯೋಗ್ಯತೆ ಅಷ್ಟೇ!

ಈ ತಾತ್ಸಾರವನ್ನು ಸಹಿಸದವನು ಹ್ಯಾರಿಸನ್ ವಿಯರ್. ಪ್ರಾಣಿಪಕ್ಷಿಗಳ ಚಿತ್ರಗಳಿಂದ ಹೆಸರಾಗಿದ್ದ ಕಲಾವಿದ. ಆತನ ಪ್ರಯತ್ನದಿಂದ 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ದೊಡ್ಡದೊಂದು ಬೆಕ್ಕಿನ ಪ್ರದರ್ಶನ ಏರ್ಪಟ್ಟಿತು. ಅಂದು ರೈಲಿನಲ್ಲಿ ಸಿಕ್ಕ ಗೆಳೆಯನೊಬ್ಬ ಸಂಗತಿ ಕೇಳಿ ಮೂಗು ಮುರಿದನಂತೆ. ವಿಯರನಿಗೂ ಒಳಗೊಳಗೇ ಅಳುಕು: ಗೂಡಿನೊಳಗೆ ಬೆಕ್ಕುಗಳು ಅರಚಿ ರಂಪ ಮಾಡಿದರೆ? ಹೋಗಿ ನೋಡಿದರೆ ಕೆಂಪು ಮೆತ್ತೆಗಳ ಮೇಲೆ ಅವು ಹಾಯಾಗಿ ಮಲಗಿದ್ದವು. ಹಾಲು ನೆಕ್ಕುವ ಸದ್ದು, ಗುರುಗುರು ಸದ್ದು, ಅಷ್ಟೆ. ಮೂಗು ಮುರಿದ ಮಹಾಶಯನೂ ಮುಂದೆ ಎರಡು ಬೆಕ್ಕುಗಳನ್ನು ಸಾಕಿಕೊಂಡನೆಂದು ವಿಯರ್ ಬರೆದಿಟ್ಟಿದ್ದಾನೆ. ಮೂವರು ತೀರ್ಪುಗಾರರಲ್ಲಿ ಇಬ್ಬರು ಸ್ವತಃ ವಿಯರ್ ಮತ್ತು ಆತನ ಸೋದರ ಜಾನ್ ಜೆನ್ನರ್ ವಿಯರ್. ಈಗಾದರೆ ಪತ್ರಿಕೆಗಳು ಸುಮ್ಮನೆ ಬಿಡುತ್ತಿದ್ದವೇ?

ಒಂದು ವಿಷಯವನ್ನು ಗಮನಿಸಬೇಕು. ಅಂದು ಬಹುಮಾನ ಪಡೆದ ಬೆಕ್ಕುಗಳಿಗೆ ತಾತ ಮುತ್ತಾತಂದಿರ ಪಟ್ಟಿಯಿರಲಿಲ್ಲ. ಮೈಬಣ್ಣ, ಕೂದಲಿನ ಉದ್ದ, ಅಂಗಸೌಷ್ಠವ, ಇವನ್ನು ಅಳೆಯಲು ವಿಯರ್ ರಚಿಸಿದ ಅಂಕಪದ್ಧತಿಯೇ ಪ್ರಮಾಣ. ಊರ ಸಾಮಾನ್ಯ ಬೆಕ್ಕಿಗೆ ಮರ್ಯಾದೆ ತರಬೇಕೆಂಬುದು ಆತನ ಹಂಬಲ. ಕೂಲಿಕಾರರ ಬೆಕ್ಕುಗಳಿಗೆಂದೇ ಪ್ರತ್ಯೇಕ ವರ್ಗವನ್ನೂ ಇಡಿಸಿದ್ದ. ವಂಶದ ದಾಖಲೆಯನ್ನು ಕ್ರಮವಾಗಿ ಇಡುವ ಕೆಲಸ ಹುಟ್ಟಿದ್ದು 1887ರಲ್ಲಿ ನ್ಯಾಷನಲ್ ಕ್ಯಾಟ್ ಕ್ಲಬ್ ಸ್ಥಾಪನೆಯಾದ ಮೇಲೆ. ಅಂದರೆ ಕುಲೀನ ಬೆಕ್ಕುಗಳಿಗಾಗಿ ಪ್ರದರ್ಶನ ಹುಟ್ಟಲಿಲ್ಲ. ಪ್ರದರ್ಶನವೇ ಅವಕ್ಕೆ ಕುಲ ಕಟ್ಟಿತು.

ಆ ಕ್ಲಬ್ಬಿನ ಮೊದಲ ಅಧ್ಯಕ್ಷ ವಿಯರನೇ. ಆದರೆ ವರ್ಷಗಳು ಕಳೆದಂತೆ ಸದಸ್ಯರ ಕಣ್ಣು ಬೆಕ್ಕಿನ ಕ್ಷೇಮದಿಂದ ಬಹುಮಾನದ ಕಡೆಗೆ ಸರಿಯಿತು. ಬೇಸತ್ತ ಆತ ತಾನೇ ನೆಟ್ಟು ಬೆಳೆಸಿದ ಗಿಡದ ನೆರಳನ್ನು ಬಿಟ್ಟು ಹೊರನಡೆದ. ಕುಲಗೋತ್ರವೊಂದು ಬಂದಮೇಲೆ ಮೇಲುಕೀಳು ಬಾರದಿರುವುದುಂಟೇ? ಇದನ್ನು ಇಂಗ್ಲೆಂಡಿನವರಿಗೆ ನಾವು ಹೇಳಿಕೊಡಬಹುದಾಗಿತ್ತು!

ಆದರೂ ವಿಯರನ ಹಂಬಲ ಪೂರ್ತಿ ಅಳಿಯಲಿಲ್ಲ. ಇಂಗ್ಲೆಂಡಿನ ಪ್ರದರ್ಶನಗಳಲ್ಲಿ ಮನೆಬೆಕ್ಕುಗಳ ವರ್ಗವೊಂದು ಇಂದಿಗೂ ಇದೆ. ಅಲ್ಲಿ ವಂಶಾವಳಿ ಕೇಳುವುದಿಲ್ಲ. ಆರೋಗ್ಯ, ಶುಚಿ, ಸಾಧುಸ್ವಭಾವ ಇದ್ದರೆ ಸಾಕು. ಹವ್ಯಾಸಕ್ಕೆ ಹೊಸಬರಾದವರು ಬೀದಿಯಿಂದ ಎತ್ತಿ ತಂದು ಸಾಕಿದ ಬೆಕ್ಕಿನೊಡನೆ ಈ ಬಾಗಿಲಿನಿಂದಲೇ ಒಳಗೆ ಕಾಲಿಡಬಹುದು.