ತೀರ್ಪಿನ ನಂತರದ ಕಾಡು

ಆಫ್ರಿಕಾದ ಮಾನವ ಹಕ್ಕು ಕಾನೂನಿನ ಓದು ಶುರುಮಾಡಿದ ಹೊಸದರಲ್ಲಿ, ತೀರ್ಪು ಹೊರಬಿದ್ದ ದಿನಕ್ಕೆ ಮೊಕದ್ದಮೆಯ ಚರಿತ್ರೆಯೂ ಮುಗಿಯುತ್ತದೆ ಎಂದು ತಿಳಿದಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಕೀನ್ಯಾದ ಒಗಿಯೆಕ್ ಜನರ ಪ್ರಕರಣ.

ರಿಫ್ಟ್ ಕಣಿವೆಯ ಮಾವ್ ಕಾಡು ಒಗಿಯೆಕರ ನೆಲೆ. ಬೇಟೆ ಮತ್ತು ಜೇನು ಅವರ ಬದುಕು. ವಸಾಹತು ಕಾಲದಿಂದಲೂ ಅವರನ್ನು ಒಕ್ಕಲೆಬ್ಬಿಸುತ್ತಲೇ ಬರಲಾಗಿದೆ. 2009ರ ಅಕ್ಟೋಬರ್‌ನಲ್ಲಿ ಮತ್ತೆ ನೋಟಿಸು ಬಂತು: 30 ದಿನಗಳಲ್ಲಿ ಕಾಡು ಬಿಡಬೇಕು. ಮಾವ್ ಜಲಮೂಲ, ಅದನ್ನು ಉಳಿಸಬೇಕು ಎಂಬುದು ಸರ್ಕಾರದ ವಾದ.

ಒಗಿಯೆಕರಿಗೆ ಆಸರೆಯಾಗಿದ್ದು 1981ರಲ್ಲಿ ಅವರದೇ ರಾಜಧಾನಿ ನೈರೋಬಿಯಲ್ಲಿ ಅಂಗೀಕಾರವಾಗಿ, 1986ರಲ್ಲಿ ಜಾರಿಗೆ ಬಂದ ಆಫ್ರಿಕಾದ ಮಾನವ ಹಕ್ಕುಗಳ ಸನ್ನದು. ವ್ಯಕ್ತಿಯ ಹಕ್ಕುಗಳ ಜೊತೆಗೆ ಜನಸಮುದಾಯಗಳ ಹಕ್ಕುಗಳನ್ನೂ ಅದು ಮಾನ್ಯ ಮಾಡುತ್ತದೆ. ಆದರೆ ಟಾಂಜಾನಿಯಾದ ಅರೂಷಾದಲ್ಲಿರುವ ಆಫ್ರಿಕಾ ನ್ಯಾಯಾಲಯಕ್ಕೆ ಅವರು ನೇರವಾಗಿ ಹೋಗುವಂತಿರಲಿಲ್ಲ. ಪ್ರಜೆಗಳು ಹಾಗೆ ಹೋಗಬೇಕಾದರೆ ಅವರ ಸರ್ಕಾರ ಪ್ರತ್ಯೇಕ ಘೋಷಣೆ ಮಾಡಿ ಒಪ್ಪಿರಬೇಕು, ಕೀನ್ಯಾ ಒಪ್ಪಿಲ್ಲ. ಹಾಗಾಗಿ ದೂರು ಮೊದಲು ಗ್ಯಾಂಬಿಯಾದ ಬಂಜುಲ್‌ನಲ್ಲಿರುವ ಆಯೋಗಕ್ಕೆ ಹೋಯಿತು. ಆಯೋಗ 2012ರಲ್ಲಿ ಅದನ್ನು ನ್ಯಾಯಾಲಯಕ್ಕೆ ಒಯ್ದಿತು.

2017ರ ಮೇ 26ರಂದು ಒಗಿಯೆಕರು ಗೆದ್ದರು. ಕೀನ್ಯಾ ಸನ್ನದಿನ ಏಳು ವಿಧಿಗಳನ್ನು ಉಲ್ಲಂಘಿಸಿದೆ ಎಂದಿತು ನ್ಯಾಯಾಲಯ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಮಾತು: ಕಾಡು ಹಾಳಾಗಲು ಒಗಿಯೆಕರು ಕಾರಣರಲ್ಲ, ಹೊರಗಿನವರ ಒತ್ತುವರಿ, ಸರ್ಕಾರವೇ ಕಾಡನ್ನು ತುಂಡು ಮಾಡಿ ವಸತಿಗೆ ಹಂಚಿದ್ದು, ಮರ ಕಡಿಯಲು ಪರವಾನಗಿ ಕೊಟ್ಟದ್ದು ಕಾರಣ. 2022ರ ಜೂನ್‌ನಲ್ಲಿ ಪರಿಹಾರವೂ ನಿಗದಿಯಾಯಿತು. ಆಸ್ತಿ ನಷ್ಟಕ್ಕೆ 5.785 ಕೋಟಿ, ಅನುಭವಿಸಿದ ನೋವಿಗೆ 10 ಕೋಟಿ ಕೀನ್ಯಾ ಶಿಲ್ಲಿಂಗ್. ಜೊತೆಗೆ, ಪೂರ್ವಜರ ಭೂಮಿಯನ್ನು ಅಳೆದು ಸಮುದಾಯದ ಹೆಸರಿಗೆ ಹಕ್ಕುಪತ್ರ ಕೊಡಬೇಕೆಂಬ ಆದೇಶ.

2023ರ ನವೆಂಬರ್‌ನಲ್ಲಿ ಮಾವ್ ಕಾಡಿನ ಸಾಸಿಮ್ವಾನಿಯಲ್ಲಿ ಒಗಿಯೆಕರ ಮನೆಗಳನ್ನು ಮತ್ತೆ ಕೆಡವಲಾಯಿತು.

ಅರೂಷಾದ ನ್ಯಾಯಾಲಯಕ್ಕೆ ಅಮೀನರಿಲ್ಲ, ಜಪ್ತಿಯ ಅಧಿಕಾರವಿಲ್ಲ. ಪಾಲಿಸದ ದೇಶದ ಹೆಸರನ್ನು ಅದು ಆಫ್ರಿಕಾ ಒಕ್ಕೂಟಕ್ಕೆ ವರದಿ ಮಾಡಬಹುದು, ಅಷ್ಟೆ. ಆದೇಶ ಜಾರಿ ಮಾಡಬೇಕಾದದ್ದು ಸೋತ ಸರ್ಕಾರವೇ. ತೀರ್ಪುಗಳು ಇರುಸುಮುರುಸು ತಂದಾಗ ಬಾಗಿಲು ಹಾಕಿಕೊಂಡ ದೇಶಗಳೂ ಇವೆ. ಪ್ರಜೆಗಳಿಗೆ ನೇರ ಪ್ರವೇಶ ಕೊಡುವ ಘೋಷಣೆಯನ್ನು 2016ರಲ್ಲಿ ರುವಾಂಡಾ, 2019ರಲ್ಲಿ ಸ್ವತಃ ನ್ಯಾಯಾಲಯದ ನೆಲೆಯಾದ ಟಾಂಜಾನಿಯಾ, 2020ರಲ್ಲಿ ಬೆನಿನ್ ಮತ್ತು ಐವರಿ ಕೋಸ್ಟ್ ಹಿಂತೆಗೆದುಕೊಂಡವು.

ಹಾಗಾದರೆ ತೀರ್ಪು ಬರೀ ಕಾಗದವೇ? ಮನೆ ಕಳೆದುಕೊಂಡವರು ಹಾಗೆಂದರೆ ಅಲ್ಲವೆನ್ನಲು ನನಗೆ ಬಾಯಿ ಬಾರದು. ಆದರೂ ಒಂದು ವ್ಯತ್ಯಾಸ ಉಳಿದಿದೆ. 2009ರ ನೋಟಿಸಿನಲ್ಲಿ ಒಗಿಯೆಕರು ಕಾಡಿನ ಅತಿಕ್ರಮಣಕಾರರು. 2023ರ ಹೊತ್ತಿಗೆ ಆ ನೆಲ ಅವರದೆಂದು ಒಂದು ಖಂಡದ ನ್ಯಾಯಾಲಯ ಬರೆದಿಟ್ಟಿತ್ತು. ಅತಿಕ್ರಮಿಸಿದವರು ಮನೆ ಕೆಡವಲು ಬಂದವರು.