ಬಾಬಾಸಾಹೇಬರ ಟೈಮ್ ಟೇಬಲ್



ಹೋದ ವಾರ ನಮ್ಮ ಹುಡುಗನೊಬ್ಬ ಫೋನ್ ಮಾಡಿದ್ದ. ಹೊಸದಾಗಿ ಕರಿಕೋಟು ಹಾಕಿದ ವಕೀಲ. "ಅಣ್ಣಾ, ಸೀನಿಯರ್ ಆಫೀಸು, ಕೋರ್ಟು, ಸಂಘಟನೆ ಮೂರೂ ಆಗ್ತಿಲ್ಲ. ಒಂದು ಬಿಡ್ಬೇಕು" ಅಂದ. ಯಾರೋ ಅವನಿಗೆ ಟೈಮ್ ಮ್ಯಾನೇಜ್‌ಮೆಂಟ್ ವಿಡಿಯೋ ಕಳಿಸಿದ್ದಾರಂತೆ. ಬೆಳಿಗ್ಗೆ ಐದಕ್ಕೆ ಏಳಬೇಕು, ಲಾಭ ಇಲ್ಲದ ಕೆಲಸಕ್ಕೆ ಆಗಲ್ಲ ಅನ್ನೋದು ಕಲೀಬೇಕು, ಇಂಥವು. ನಾವೂ ಏನು ಕಮ್ಮಿ ಇಲ್ಲ ಬಿಡಿ. "ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದ್ತಿದ್ರು" ಅಂತ ಪೋಸ್ಟರ್ ಹಾಕಿ ಸುಮ್ಮನಾಗ್ತೀವಿ. ಆ ಗಂಟೆಗಳು ಯಾರ ಪಾಲಿನಿಂದ ಬಂದವು ಅಂತ ಕೇಳಲ್ಲ. ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಓದಿ.

1923ರಲ್ಲಿ ಅಂಬೇಡ್ಕರ್ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಬಂದು ಬಾಂಬೆ ಹೈಕೋರ್ಟಿಗೆ ಸೇರಿದರು. ಸನದಿಗೆ ಕಟ್ಟೋ ದುಡ್ಡೂ ಕೈಯಲ್ಲಿರಲಿಲ್ಲ, ಗೆಳೆಯ ನವಲ್ ಭಾತೇನಾ ಕೊಟ್ಟರು. ಅಸ್ಪೃಶ್ಯ ಬ್ಯಾರಿಸ್ಟರಿಗೆ ಸಾಲಿಸಿಟರುಗಳು ಕೇಸು ಕೊಡ್ತಿರಲಿಲ್ಲ. ಹಾಗಾಗಿ ಅಪೀಲು ಕೇಸುಗಳು, ಜಿಲ್ಲಾ ಕೋರ್ಟಿನ ಕೇಸುಗಳು, ಬಡವರ ಕೇಸುಗಳೇ ಗತಿ. ಸಂಸಾರಕ್ಕೆ ಸಾಲದೆ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವ್ಯಾಪಾರ ಕಾನೂನು ಪಾಠ ಮಾಡಿದರು. ವಾಸ ಪರೇಲಿನ ಚಾಳಿನಲ್ಲಿ, ಆಫೀಸು ಅಲ್ಲೇ ದಾಮೋದರ ಹಾಲಿನಲ್ಲಿ. ಕಕ್ಷಿದಾರ, ಕಾರ್ಯಕರ್ತ, ಊರಿಂದ ಅಳುತ್ತಾ ಬಂದವರು, ಎಲ್ಲರೂ ಒಂದೇ ಬಾಗಿಲಿಗೆ ಬರ್ತಿದ್ದರು.

ಇಷ್ಟರ ಮೇಲೆ 1927 ಬಂತು. ಆ ವರ್ಷದ ಲೆಕ್ಕ ಹಾಕಿದರೆ ತಲೆ ತಿರುಗುತ್ತೆ. ಬಾಂಬೆ ವಿಧಾನ ಪರಿಷತ್ತಿನ ಸದಸ್ಯತ್ವ. ಮಾರ್ಚ್ 20ಕ್ಕೆ ಮಹಾಡಿನ ಚವದಾರ್ ಕೆರೆ ನೀರು. ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ' ಪತ್ರಿಕೆ ಶುರು. ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟದ್ದು. ಇದರ ನಡುವೆ ಕೋರ್ಟು ಇದ್ದೇ ಇತ್ತು.

ಟೈಮ್ ಅನ್ನೋದನ್ನ ಎದುರು ಪಾರ್ಟಿಯವರು ಎಷ್ಟು ಚೆನ್ನಾಗಿ ಬಳಸಿದರು ನೋಡಿ. ಡಿಸೆಂಬರ್ ಸತ್ಯಾಗ್ರಹಕ್ಕೆ ಎರಡೇ ವಾರ ಇದ್ದಾಗ, 12ನೇ ತಾರೀಖು ಮಹಾಡ್ ಕೋರ್ಟಿನಲ್ಲಿ ದಾವೆ ಹಾಕಿದರು, ಕೆರೆ ನಮ್ಮ ಖಾಸಗಿ ಆಸ್ತಿ ಅಂತ. 14ಕ್ಕೆ ತಡೆಯಾಜ್ಞೆ ಬಂತು. ಅಂಬೇಡ್ಕರರೇ ಪ್ರತಿವಾದಿ. ಕಾನೂನು ಮುರಿಯದೆ ಸತ್ಯಾಗ್ರಹ ಮುಂದಕ್ಕೆ ಹಾಕಿದರು, ಕೇಸು ಹಿಡಿದರು. ಕೆಳಗಿನ ಕೋರ್ಟಿನಲ್ಲಿ 1931ರಲ್ಲಿ ಗೆಲುವು. ಅವರು ಅಪೀಲು ಹೋದರು, 1933ರಲ್ಲಿ ಅದೂ ವಜಾ. ಮತ್ತೆ ಹೈಕೋರ್ಟು. ಕೊನೆಯ ತೀರ್ಪು 1937ರ ಮಾರ್ಚ್ 17ಕ್ಕೆ. ಒಂದು ಬೊಗಸೆ ನೀರಿಗೆ ಒಂಬತ್ತು ವರ್ಷಕ್ಕೂ ಮೇಲೆ ವಾಯಿದೆ! "ಕೋರ್ಟಿಗೆ ಹೋಗಿ ನ್ಯಾಯ ತಗೊಳ್ಳಿ" ಅಂತ ನಮಗೆ ಬುದ್ಧಿ ಹೇಳೋರು ಈ ತಾರೀಖುಗಳನ್ನ ಒಮ್ಮೆ ಓದ್ಕೋಬೇಕು.

ಹುಡುಗನಿಗೆ ನಾನು ಮುಖ್ಯವಾಗಿ ಹೇಳಿದ್ದು 1928ರ ಒಂದು ಪ್ರಸಂಗ. ಅಕ್ಟೋಬರ್ 23ಕ್ಕೆ ಪುಣೆಯಲ್ಲಿ ಸೈಮನ್ ಕಮಿಷನ್ ಮುಂದೆ ಅಂಬೇಡ್ಕರ್ ಸಾಕ್ಷಿ ಹೇಳಬೇಕು. ನಮ್ಮವರ ಓಟಿನ ಹಕ್ಕು, ಪ್ರಾತಿನಿಧ್ಯ ಎಲ್ಲಾ ಅಲ್ಲಿ ಮಾತಾಗೋದು. ಅದೇ ಹೊತ್ತಿಗೆ ಠಾಣೆ ಸೆಷನ್ಸ್ ಕೋರ್ಟಿನಲ್ಲಿ ಅವರದೊಂದು ಕೇಸು ವಾದಕ್ಕೆ ಬಂದಿದೆ. ಆರೋಪಿಗಳ ಜೀವದ ಪ್ರಶ್ನೆ. ಪುಣೆ ಬಿಟ್ಟರೆ ಕೋಟಿ ಜನರ ಮಾತು ಹೋಯ್ತು, ಠಾಣೆ ಬಿಟ್ಟರೆ ನಂಬಿದವರ ಕುತ್ತಿಗೆ ಹೋಯ್ತು. ಅವರು ಏನು ಮಾಡಿದರು ಅಂತ ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿದೆ. ಸರ್ಕಾರಿ ವಕೀಲರಿಗಿಂತ ಮೊದಲೇ ಆರೋಪಿಗಳ ಪರ ವಾದ ಮಾಡ್ತೀನಿ, ಅಪ್ಪಣೆ ಕೊಡಿ ಅಂತ ಜಡ್ಜಿಗೆ ಕೇಳಿದರು. ಜಡ್ಜ್ ಒಪ್ಪಿದರು.

ವಕೀಲರಿಗೆ ಗೊತ್ತಿರುತ್ತೆ ಇದು ಎಂಥಾ ಅಪಾಯ ಅಂತ. ಎದುರಿನವನು ಏನು ಹೇಳ್ತಾನೆ ಅಂತ ಕೇಳದೆ ಅದಕ್ಕೆ ಮೊದಲೇ ಉತ್ತರ ಕೊಡಬೇಕು. ಅವನ ವಾದವನ್ನೂ ನೀನೇ ತಯಾರಿ ಮಾಡಿರಬೇಕು. ಬಾಬಾಸಾಹೇಬರು ವಾದ ಮುಗಿಸಿ ಪುಣೆಗೆ ಹೋಗಿ ಸಾಕ್ಷಿ ಹೇಳಿದರು. ಆರೋಪಿಗಳಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಟೈಮ್ ಉಳಿಸೋ ಉಪಾಯ ಅಂತ ಇದ್ದರೆ ಇದೊಂದೇ ನೋಡಪ್ಪಾ, ಫೈಲು ಪೂರ್ತಿ ಓದಿರೋದು ಅಂದೆ. ನಕ್ಕ.

ಆಮೇಲೆ ಅವನು ಕೇಳಿದ, "ಮನೆ ಕಥೆ ಏನಣ್ಣಾ? ಮನೇಲಿ ಜಗಳ ಆಗ್ತಿದೆ."

ಇದಕ್ಕೆ ಉತ್ತರ ಕೊಡೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಯಾಕಂದ್ರೆ ಬಾಬಾಸಾಹೇಬರೇ ಈ ಲೆಕ್ಕ ಬರೆದಿಟ್ಟಿದ್ದಾರೆ. 1928ರ ಫೆಬ್ರವರಿಯಲ್ಲಿ, 'ಬಹಿಷ್ಕೃತ ಭಾರತ'ದ ಸಾಲದ ಬಗ್ಗೆ ಬರೆದ ಲೇಖನದಲ್ಲಿ. ಪತ್ರಿಕೆಯ 24 ಕಾಲಂಗಳನ್ನೂ ಒಬ್ಬರೇ ತುಂಬಿಸಬೇಕಾದ ಪಾಡು ಹೇಳ್ತಾ ರಮಾಬಾಯಿಯವರ ಮಾತು ತೆಗೀತಾರೆ. ತಾವು ಪರದೇಶದಲ್ಲಿದ್ದಾಗ ಹಗಲುರಾತ್ರಿ ಸಂಸಾರ ಹೊತ್ತವರು, ಬಡತನದಲ್ಲಿ ತಲೆ ಮೇಲೆ ಸಗಣಿ ಹೊರೋಕೂ ಹಿಂದುಮುಂದು ನೋಡದವರು, ಅಂಥವರ ಜೊತೆ 24 ಗಂಟೆಯಲ್ಲಿ ಅರ್ಧ ಗಂಟೆಯೂ ಕಳೆಯೋಕಾಗಲಿಲ್ಲ ಅಂತ ಬರೀತಾರೆ. ಪತ್ರಿಕೆಯ ಸಾಲ ಕೇಳುವ ಲೇಖನದಲ್ಲಿ ಹೆಂಡತಿಯ ಸಾಲವನ್ನೂ ಬರೆದ ಮನುಷ್ಯ! ನಮ್ಮ ಪೋಸ್ಟರಿನಲ್ಲಿ 18 ಗಂಟೆ ಇದೆ, ಈ ಅರ್ಧ ಗಂಟೆ ಇಲ್ಲ. ನಾವು ಗಂಡಸು ಹೋರಾಟಗಾರರು ಈ ಲೇಖನವನ್ನ ಸಭೆಗಳಲ್ಲಿ ಓದಿದ್ದು ನಾನಂತೂ ಕೇಳಿಲ್ಲ.

1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಕೆರೆಯ ಕೇಸು ಆಗಿನ್ನೂ ಹೈಕೋರ್ಟಿನಲ್ಲಿ ಬಾಕಿ ಇತ್ತು.